ಬಟ್ಟೆ ಚಕ್ರದ ಮುಂದೆ

ಪಾಲೀಶು ಚಕ್ರದ ಅಂಚಿನಿಂದ ಒಂದು ನೂಲು ಬಿಟ್ಟುಕೊಂಡಿದೆ, ಗಾಳಿಯಿಲ್ಲದಿದ್ದರೂ ಅಲ್ಲಾಡುತ್ತಿದೆ, ಚಲುವರಾಜು ಅದನ್ನೇ ನೋಡುತ್ತ ನಿಂತಿದ್ದಾನೆ, ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತದೋ ಏನೋ, ಪದರದ ಮೇಲೆ ಪದರ ಬಟ್ಟೆ ಪೇರಿಸಿ ಸುತ್ತಸುತ್ತ ಹೊಲಿದದ್ದು, ಅವ್ವನ ಕೌದಿಗಿಂತ ಬಿಗಿ — ಮುಟ್ಟಿದರೆ ಮೆತ್ತಗೆ, ಮೋಟಾರಿಗೆ ಹಾಕಿ ತಿರುಗಿಸಿದರೆ ಮರದ ಹಲಗೆ. ಪಕ್ಕದಲ್ಲಿ ಕತ್ತಾಳೆ ನಾರಿನ ಚಕ್ರ, ಒರಟು, ಹೊಲದ ಬದುವಿನ ವಾಸನೆ, ಅದರಾಚೆ ಒತ್ತಿದ ಉಣ್ಣೆಯದು, ಬೆಲ್ಲದಚ್ಚಿನಂತೆ ಗಟ್ಟಿ. ಮೂರರಲ್ಲಿ ಯಾವುದು ಕಟ್ಕೊಡ್ಲಿ ಯೋಳಪ್ಪ, ಅನ್ನುತ್ತಾನೆ ಮುದ್ದಯ್ಯ, ಮೈಸೂರಿನ ಪಾತ್ರೆ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಪಾಲೀಶು ಮಾಡಿ ಈಗ ಪಾಂಡವಪುರದ ಈ ತಗಡಿನ ಶೆಡ್ಡಿನಲ್ಲಿ ಹಳೆಯ ಮೋಟಾರು, ಚಕ್ರ, ಚಕ್ರಕ್ಕೆ ಬಳಿಯುವ ಪಾಲೀಶಿನ ಗಟ್ಟಿ ಮಾರುವವನು, ಉಣ್ಣೇದು ಬ್ಯಾಡ ಬುಡು, ಕತ್ತಾಳೇಲಿ ಗೀರು ತಗಿ, ಆಮ್ಯಾಕೆ ಬಟ್ಟೇಲಿ ಒಳಪು ಕೊಡು, ಮಕ ಕಾಣಬೇಕು ಚಾಕೂನಲ್ಲಿ. ಮುಖ ಕಾಣಬೇಕಂತೆ. ಬೆಳ್ಳೂರು ಕ್ರಾಸಿನ ಅಂಗಡಿಯ ಕುಳ್ಳಯ್ಯನೂ ಅದನ್ನೇ ಹೇಳಿದ್ದ, ನಿಮ್ಮಪ್ಪನ ಚಾಕು ಕುಯ್ಯೋದು ಚೆಂದಾಗಿ ಕುಯ್ತದೆ ಕಣ್ಲಾ, ನೋಡಕ್ಕೆ ಮಾತ್ರ ರೊಟ್ಟಿ ಹೆಂಚಿನ ತಳ ಇದ್ದಂಗದೆ, ಪ್ಯಾಟೆ ಚಾಕು ಪಕ್ಕದಲ್ಲಿಟ್ರೆ ಯಾರ್ಲಾ ತಗೊಂಡಾರು. ಊರಿಗೆ ಕರೆಂಟು ಬಂದು ಎರಡು ವರ್ಷ, ಅಪ್ಪನ ಕುಲುಮೆಯ ಗೋಡೆಯಲ್ಲಿ ಸ್ವಿಚ್ಚೂ ಇದೆ, ಬಲ್ಬು ಬಿಟ್ಟರೆ ಅದರಿಂದ ಇನ್ನೇನೂ ನಡೆದಿಲ್ಲ. ಹಾಗಾಗಿ ಚಕ್ರ. ಹಾಗಾಗಿ ಹೋದ ಸೋಮವಾರ ಅಪ್ಪನನ್ನೂ ಇಲ್ಲಿಗೆ ಕರೆತಂದದ್ದು, ಅಪ್ಪ ಜವರಯ್ಯ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಚುಕಿ ನಕ್ಕದ್ದು, ಇದೇನ್ಲಾ, ಕಬ್ಣ ತೀಡಕ್ಕೆ ಅಂತ ಯೋಳಿ ಸೀರೆ ಅಂಗ್ಡೀಗ್ ಕರ್ಕೊಂಡ್ ಬಂದ್ಬುಟ್ಟಿದ್ದೀಯ, ಮುದ್ದಯ್ಯನೂ ನಕ್ಕು, ಸೀರೇನೇ ಕಣ್ ಜವರಣ್ಣ, ನಿನ್ ಚಾಕೂಗೆ ಮದ್ವೆ ಮಾಡಾನ ಅಂತವ.

ಅಂದು ಅಪ್ಪ ಹೊಗೆಸೊಪ್ಪು ಉಗಿಯಲು ಹೊರಗೆ ಹೋಗಿದ್ದ, ಆಗಲೇ ಮುದ್ದಯ್ಯ ಹೇಳಿದ್ದು, ಹೇಳಿದ್ದು ಚಲುವರಾಜುವಿಗೊಬ್ಬನಿಗೇ — ಸಾಣೆಕಲ್ಲಲ್ಲಿ ಇಡ್ದಂಗೆ ಇಲ್ಲಿ ಇಡೀಬ್ಯಾಡ ಕಣಪ್ಪ, ಚಾಕಿನ ಬಾಯಿ ಕೆಳಕ್ಕಿರ್ಲಿ, ಚಕ್ರ ಓಡೋ ಕಡೀಕೇ, ಬಾಯಿ ಎದುರಿಗ್ ಕೊಟ್ಯೋ ಬಟ್ಟೆ ಕಚ್ಕೊಂಡು ಎಳೆದಾಕ್ಬುಡ್ತದೆ. ಸಾಣೆಯಲ್ಲಿ ಎಲ್ಲ ಉಲ್ಟಾ, ತಿರುಗಿ ಬರುವ ಕಲ್ಲಿಗೆ ಬಾಯಿಯನ್ನು ಎದುರು ಕೊಡಬೇಕು, ಏಳು ವರ್ಷದವನಾಗಿದ್ದಾಗ ಅಪ್ಪ ಮಣಿಕಟ್ಟಿನ ಮೇಲೆ ಫಟ್ಟನೆ ಬಡಿದು ಕಲಿಸಿದ್ದು, ಮೇಲಕ್ ಮಾಡ್ಲಾ ಬಾಯ್ನ, ಕಲ್ಗೇನ್ ಎದರ್ಕತೀಯ, ಮಣಿಕಟ್ಟು ಈಗಲೂ ಅದನ್ನು ನೆನೆಯುತ್ತದೆ. ಅಪ್ಪ ಬಾಯಿ ಒರೆಸಿಕೊಂಡು ಒಳಗೆ ಬಂದ, ಕೊಡಿಲ್ಲಿ ಅಂದು ತನ್ನದೇ ಚಾಕು ಹಿಡಿದ, ಮುದ್ದಯ್ಯ ಬಗ್ಗಿ ಸ್ವಿಚ್ಚು ಹಾಕುತ್ತಿದ್ದ, ಚಕ್ರ ಗುಂಯ್ ಎಂದಿತು, ಅಪ್ಪನ ಮಣಿಕಟ್ಟು ಮೆಲ್ಲಗೆ ತಿರುಗಿತು, ಬಾಯಿ ಮೇಲೆ, ನಲವತ್ತು ವರ್ಷ ತಿರುಗಿದ ಹಾಗೆಯೇ. ಅಪ್ಪಾ, ಬಾಯಿ ಕೆಳಕ್ ಮಾಡು. ನಾಲ್ಕೇ ಮಾತು, ಅನ್ನಬೇಕಿದ್ದದ್ದು. ಹೊತ್ತಿತ್ತು, ನಾಲ್ಕಕ್ಕೆ ಮಾತ್ರವಲ್ಲ, ಹತ್ತಕ್ಕೂ ಇತ್ತು. ಚಾಕು ಹಿಡಿಯುವುದು ಹೇಗೆಂದು ಜವರಯ್ಯನಿಗೆ ಯಾರೂ ಹೇಳಿದ್ದಿಲ್ಲ, ಅದಕ್ಕೇ ಸುಮ್ಮನಿದ್ದೆ ಅನ್ನಬಹುದು, ಹಾಗೆಂದುಕೊಂಡರೆ ನಂಬಿಕೆಯೂ ಬರುತ್ತದೆ, ಅರ್ಧ. ಉಳಿದರ್ಧ, ನೋಡೋಣ ಅನ್ನಿಸಿತ್ತು. ಏನಾಗುತ್ತದೋ ನೋಡೋಣ. ಬಟ್ಟೆ ಕಚ್ಚಿತು, ಚಾಕನ್ನು ಕೆಳಕ್ಕೆ ಸೆಳೆದು ಹಿಂದಿನ ತಗಡಿಗೆ ಎಸೆಯಿತು, ತಗಡು ಢಣ್ಣೆಂದಿತು, ಯಾರಿಗೂ ಏನೂ ಆಗಲಿಲ್ಲ, ಒಂದು ತೊಟ್ಟು ರಕ್ತವಿಲ್ಲ — ಅಪ್ಪನ ಮುಷ್ಟಿ ಮಾತ್ರ ಅಲ್ಲೇ, ಹಿಡಿ ಹಿಡಿದಂತೆಯೇ ಮುಚ್ಚಿಕೊಂಡು, ಒಳಗೆ ಏನೂ ಇಲ್ಲದೆ.

ಕೈ ಸತ್ತೋಯ್ತು ಕಣ್ಲಾ, ನಾನ್ ಮಾಡಿದ್ ಚಾಕು ನನ್ ಕೈಲೇ ನಿಲ್ನಿಲ್ಲ, ಅಂದ ಅಪ್ಪ ವಾಪಸು ಬಸ್ಸಿನಲ್ಲಿ, ಕಂಬಿ ಹಿಡಿಯಲು ಕೈ ಎತ್ತಿದವನು ಹಿಡಿಯದೆ ಇಳಿಸಿಕೊಂಡು, ಮುಷ್ಟಿ ತೊಡೆಯ ಮೇಲೆ. ಅಂದಿನಿಂದ ಕುಲುಮೆಗೆ ಬೆಂಕಿಯಿಲ್ಲ. ಏನಾಯ್ತ್ಲಾ ನಿಮ್ಮಪ್ಪಂಗೆ ಅನ್ನುತ್ತಾಳೆ ಅವ್ವ ಚಿಕ್ಕಬೋರಮ್ಮ, ಉಂಡ್ ಎದ್ದವ್ರು ಕೈನೇ ನೋಡ್ಕೊಂಡ್ ಕುಂತವ್ರೆ, ಯಾರಾದ್ರೂ ಏನಾದ್ರೂ ಮಾಡ್ಸವ್ರೋ ಏನೋ, ನೀನು ಜೊತೇಲೇ ಇದ್ಯಲ್ಲ. ಜೊತೆಯಲ್ಲೇ ಇದ್ದೆ. ಸುತ್ತಿಗೆ ಹೊಡೆಯಲು ಚಲುವರಾಜುವಿಗೆ ಬರುತ್ತದೆ, ಕಾದ ಕಬ್ಬಿಣ ಯಾವ ಕೆಂಪಿಗೆ ಬಂದಾಗ ನೀರಿಗಿಳಿಸಬೇಕೆಂಬುದು ಬರುವುದಿಲ್ಲ, ಅದು ಅಪ್ಪನ ಕಣ್ಣಿಗೇ ಗೊತ್ತು, ಅಪ್ಪ ಕುಲುಮೆಯ ಮುಂದೆ ಕೂರದಿದ್ದರೆ ಈ ಚಕ್ರಗಳು ಮುಖ ಕಾಣುವಂತೆ ಬೆಳಗುವುದು ಬರೀ ಮೆತ್ತನೆಯ ತಗಡನ್ನು. ಹೇಳಿಬಿಟ್ಟರೆ ಆಯಿತು. ನಿನ್ ಕೈಗೇನೂ ಆಗಿಲ್ಲ, ಹಿಡಿಯೋ ರೀತಿ ಬ್ಯಾರೆ ಇತ್ತು, ನಂಗೆ ಗೊತ್ತಿತ್ತು. ಮೊದಲೆರಡು ಮಾತನ್ನು ಹೇಳಬಹುದು, ಮೂರನೆಯದನ್ನು ನುಂಗಬಹುದು — ಆಗ ಅಪ್ಪ ಕೇಳುತ್ತಾನೆ, ನಿಂಗ್ಯಾರ್ಲಾ ಯೋಳಿದ್ರು, ಯಾವಾಗ್ ಯೋಳಿದ್ರು. ಯಾವಾಗ. ಅಪ್ಪ ಬೈದರೆ ಬೈಯಲಿ, ಹೊಡೆದರೂ ಹೊಡೆಯಲಿ, ಹೊಡೆಯಲಾದರೂ ಆ ಕೈ ಎತ್ತಲಿ. ಏನಪ್ಪ, ನಿಂತೇ ನಿದ್ದೆ ಓದ್ಯಾ, ಮುದ್ದಯ್ಯ ಗೋಣಿ ಬಿಚ್ಚಿ ಹಿಡಿದು ಕಾಯುತ್ತಿದ್ದಾನೆ, ಬಟ್ಟೇದೋ ಕತ್ತಾಳೇದೋ. ಎರಡೂ ಅನ್ನಬೇಕು, ಬಾಯಿ ತೆರೆದಿದೆ, ಎದುರಿಗೆ ಚಕ್ರವಿಲ್ಲ, ಶೆಡ್ಡಿಲ್ಲ, ಅಪ್ಪನ ಮುಷ್ಟಿ, ನಾಲ್ಕು ಬೆರಳು ಮಡಿಸಿ ಹೆಬ್ಬೆರಳು ಮೇಲೆ ಒತ್ತಿದೆ, ಬಲವಾಗಿ ಒತ್ತಿದೆ, ಒಳಗೆ ಏನೂ ಇಲ್ಲ, ಒತ್ತುತ್ತಲೇ ಇದೆ