ಮಿಲ್ಲು ಬಿಚ್ಚುವ ಕೆಲಸ

ಕೊಟ್ಟೂರಿನ ಬೆನಕಪ್ಪ ಸಾಹುಕಾರರ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಹುಲುಗಣ್ಣ ಫಿಟ್ಟರ್ ಆಗಿದ್ದ. ಮಿಲ್ಲು ನಡೆಯುತ್ತಿದ್ದಾಗ ಸ್ಟೇಷನ್ ರಸ್ತೆಯ ತುಂಬ ಹಿಂಡಿಯ ವಾಸನೆ. ಹೊರದೇಶದ ತಾಳೆ ಎಣ್ಣೆ ಅಗ್ಗಕ್ಕೆ ಬಂದು ಬಿದ್ದ ಮೇಲೆ ಊರಿನ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ೧೯೯೯ರ ಬೇಸಿಗೆಯಲ್ಲಿ ಇದೂ ನಿಂತಿತು. ಆದರೂ ಹುಲುಗಣ್ಣ ಆಗಾಗ ಹೋಗಿ ಯಂತ್ರಗಳಿಗೆ ಗ್ರೀಸ್ ಹಚ್ಚಿ ಬರುತ್ತಿದ್ದ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ.

ಒಂದು ದಿನ ಸಾಹುಕಾರರೇ ಹೇಳಿಕಳಿಸಿದರು. ಮಿಲ್ಲು ಮತ್ತೆ ಶುರುವಾಗುತ್ತದೆಂದು ಹೆಂಡತಿ ಓಬಮ್ಮ ಒಗೆದ ಅಂಗಿ ತೆಗೆದುಕೊಟ್ಟಳು.

"ಜಾಗ ಲೇಔಟ್ ಮಾಡಿ ಸೈಟು ಮಾರ್ತೀನಪ್ಪ. ಮಷೀನು ಗುಜರಿಯವ್ರು ಒಯ್ತಾರ. ಅವ್ರ ಆಳುಗಳು ಸುತ್ತಿಗೀಲೆ ಒಡೀತಾರ. ನೀನಾದ್ರ ನೆಟ್ಟಗ ಬಿಚ್ಚಿ ಕೊಡ್ತಿ," ಬೆನಕಪ್ಪ ತಲೆ ಎತ್ತದೆ ಹೇಳಿದರು.

"ಬ್ಯಾರೆ ಯಾರನ್ನಾರ ನೋಡ್ರಿ, ಸಾವ್ಕಾರ್ರ."

ಆದರೆ ಒಡೆಯುವುದನ್ನು ನೋಡಲಾಗದೆ ಮರುದಿನ ಅವನೇ ಸ್ಪ್ಯಾನರ್ ಹಿಡಿದು ಹೋದ. ತಾನು ಕೂಡಿಸಿದ್ದನ್ನೆಲ್ಲ ತಾನೇ ಬಿಚ್ಚಿದ.

"ಒಂದು ಬೋಲ್ಟೂ ಹಾಳಾಗಿಲ್ಲ!" ಗುಜರಿ ವ್ಯಾಪಾರಿ ಬೆರಗಾದ. "ಹಗರಿಬೊಮ್ಮನಹಳ್ಳ್ಯಾಗ ಇನ್ನೊಂದು ಮಿಲ್ಲು ಐತಿ. ಬರ್ತಿಯೇನು?"

ಒಲ್ಲೆನೆಂದು ಹುಲುಗಣ್ಣ ಮನೆಗೆ ಬಂದ. ಹೊಲದ ಕೂಲಿಗೆ ಹೋಗಿಬಂದ ಓಬಮ್ಮ ಒಲೆ ಹಚ್ಚುತ್ತಿದ್ದಳು. "ಬ್ಯಾರೆ ಏನ್ ಕೆಲ್ಸ ಐತಿ, ಹೇಳ್ರಿ," ಎಂದಷ್ಟೇ ಕೇಳಿದಳು. ಅವನು ಹೋದ.

ಹಗರಿಬೊಮ್ಮನಹಳ್ಳಿ ಆಯಿತು, ಹರಪನಹಳ್ಳಿ ಆಯಿತು. ಹಡಗಲಿಯ ಹತ್ತಿ ಮಿಲ್ಲಿಗೆ ಹೋದಾಗ ಗೇಟಿನಲ್ಲಿ ಕಾವಲು ಕೂತಿದ್ದವನು ಓಬಳೇಶಪ್ಪ, ಹುಲುಗಣ್ಣನಿಗೆ ಕೆಲಸ ಕಲಿಸಿದ ಮೇಸ್ತ್ರಿ.

"ರಿಪೇರಿಗೆ ಬಂದ್ಯೇನಲೇ ಹುಲುಗಾ?" ಮುದುಕನ ಮುಖ ಅರಳಿತು. "ಮತ್ತ ಶುರು ಮಾಡ್ತಾರಂತೇನು?"

ಹುಲುಗಣ್ಣ ಹೊರಗೆ ನಿಂತ ಗುಜರಿಯವರ ಖಾಲಿ ಲಾರಿಯತ್ತ ನೋಡಿದ. ಓಬಳೇಶಪ್ಪನೂ ನೋಡಿದ. ಬೀಗ ತೆಗೆದ.

"ದೊಡ್ಡ ಗಾಲಿ ಹುಷಾರು. ಮ್ಯಾಲೆ ಬಿದ್ದೀತು," ಎಂದವನು ಸಂಜೆಯಾದರೂ ಒಳಗೆ ಕಾಲಿಡಲಿಲ್ಲ.

ಆಮೇಲೆ ಬಿಚ್ಚಲು ಮಿಲ್ಲುಗಳೂ ಉಳಿಯಲಿಲ್ಲ. ಗುಜರಿ ವ್ಯಾಪಾರಿ ಬರುವುದನ್ನು ಬಿಟ್ಟ. ಕೊಟ್ಟೂರಿನ ಲೇಔಟಿನಲ್ಲಿ ಸೈಟಿನ ಕಲ್ಲುಗಳ ನಡುವೆ ಜಾಲಿ ಬೆಳೆಯಿತು. ಕೊಂಡವರು ಯಾರೂ ಮನೆ ಕಟ್ಟಲಿಲ್ಲ. ಹುಲುಗಣ್ಣ ಓಬಮ್ಮನ ಜೊತೆ ಕಳೆ ತೆಗೆಯಲು ಹೋಗತೊಡಗಿದ. ದಿನವೂ ಅವನ ಸಾಲೇ ಹಿಂದೆ ಬೀಳುತ್ತಿತ್ತು. ಹೆಂಗಸರು ಮೊದಮೊದಲು ನಕ್ಕರು. ಆಮೇಲೆ ನಗುವುದನ್ನೂ ಬಿಟ್ಟರು.