ಚೂಪು ಮೂತಿಯ ಗುಂಡು

ಮಂಗ ಓಡಿಸುವುದರಲ್ಲಿ ಅರಳಸುರಳಿಯ ಸುತ್ತಮುತ್ತ ನನ್ನನ್ನು ಮೀರಿಸಿದವರಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಜಂಬ ಅಂತಲೇ ಇಟ್ಟುಕೊಳ್ಳಿ, ನನಗೇನು? ಬಾಳೆಗೊನೆ ಬಲಿಯುವ ಹೊತ್ತಿಗೆ ಏರ್‌ಗನ್ ಹಿಡಿದು ಹಿತ್ತಲಲ್ಲಿ ನಿಂತೆನೆಂದರೆ, ಮರಕ್ಕೆ ಕಟ್ಟಿದ ತಗಡಿಗೆ ಒಂದೇ ಏಟು, ಠಣ್ ಅಂತ ಸದ್ದು, ಇಡೀ ದಂಡು ಪರಾರಿ. ಪ್ರಾಣಿಗೆ ಗುರಿಯಿಟ್ಟವಳಲ್ಲ ನಾನು. ಬೈಗುಳ ಮಾತ್ರ ಧಾರಾಳವಾಗಿ ಕೊಟ್ಟಿದ್ದೇನೆ. ಅದರಲ್ಲಿ ಮನೆಯವರಿಗೂ ಪಾಲು ಸಿಕ್ಕಿದೆ ಎಂದು ನನ್ನ ಮಗ ವಿನೋದ್ ಹೇಳುತ್ತಾನೆ. ಅವನಿಗೆ ಮಾತು ಜಾಸ್ತಿ.

ಅವನ ಮಗಳು ಕವನಾ ತೀರ್ಥಹಳ್ಳಿಯಲ್ಲಿ ಪಿಯುಸಿಗೆ ಸೇರಿದ ಮೇಲೆ ಗುರಿ ಹೊಡೆಯುವುದನ್ನು ಕಲಿಯತೊಡಗಿದಳು. ಪೂರ್ಣೇಶ್ ಎಂಬ ಕೋಚ್ ಹಳೇ ಗೋದಾಮೊಂದನ್ನು ಬಾಡಿಗೆಗೆ ಹಿಡಿದು ಮಕ್ಕಳಿಗೆ ಹೇಳಿಕೊಡುತ್ತಿದ್ದ. ಒಂದು ತುದಿಯಲ್ಲಿ ಕಾಗದದ ಗುರಿ, ಇನ್ನೊಂದು ತುದಿಯಲ್ಲಿ ಏರ್ ರೈಫಲ್ ಹಿಡಿದ ಮಕ್ಕಳು. ಕವನಾ ತಾನು ಹೊಡೆದ ಕಾಗದಗಳನ್ನು ತಂದು ಅಡುಗೆಮನೆ ಗೋಡೆಗೆ ಅಂಟಿಸುವಳು. ನಡುವಿನ ಕಪ್ಪು ಚುಕ್ಕೆಯ ಸುತ್ತ ತೂತುಗಳು ಒತ್ತೊತ್ತಾಗಿ ಇರುತ್ತಿದ್ದವು. ನೋಡಿದಾಗಲೆಲ್ಲ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಅಲ್ಲಿಯವರೆಗೆ ಕೋಚೇ ಗುಂಡು ಕೊಡುತ್ತಿದ್ದ. ಒಂದು ದಿನ ಅವಳು ಬಂದು, "ಅಜ್ಜಿ, ಇನ್ಮೇಲೆ ಪ್ರಾಕ್ಟೀಸಿಗೆ ಗುಂಡು ನಾವೇ ತರ್ಬೇಕಂತೆ. ಪಂದ್ಯದ ಗುಂಡು ದುಬಾರಿ, ದಿನಾ ಹೊಡಿಯಕ್ಕೆ ಅಗ್ಗದ್ದು ಸಾಕು ಅಂದ್ರು ಸಾರ್. ಯಾವುದು ಅಂತ ಅವ್ರೇ ಹೇಳ್ತಾರಂತೆ" ಎಂದಳು.

"ಅವ ಹೇಳೋದು ಎಂತದ್ದು? ಗುಂಡಿನ ವಿಷಯ ನಂಗೆ ಕಲಿಸ್ತಾನಾ?" ಎಂದೆ.

ಮರುದಿನವೇ ಬಸ್ಸು ಹತ್ತಿ ಪೇಟೆಗೆ ಹೋದೆ. ಅಂಗಡಿಯವನು, "ಯಾವುದಕ್ಕಮ್ಮ ಗುಂಡು?" ಎಂದು ಕೇಳಿದ.

"ಹೊಡಿಯಕ್ಕೆ ಮಾರಾಯ. ಮತ್ತೆಂತಕ್ಕೆ, ಸಾರಿಗೆ ಹಾಕಕ್ಕಾ?"

ಅವನು ಬಾಯಿ ಮುಚ್ಚಿಕೊಂಡು ಡಬ್ಬಿಗಳನ್ನು ಹರಡಿದ. ಕೆಲವು ಗುಂಡುಗಳ ಮೂತಿ ಚಪ್ಪಟೆ, ಕೆಲವದ್ದು ಚೂಪು. ತಗಡಿಗೆ ಬಡಿದು ಸದ್ದು ಏಳಬೇಕಾದರೆ ಚೂಪೇ ಸೈ, ಇದು ನನ್ನ ಇಷ್ಟು ವರ್ಷದ ಅನುಭವ. ಬೆಲೆಯೂ ಹಗುರ. ಚೂಪು ಮೂತಿಯದ್ದನ್ನೇ ಚೀಲ ಭಾರವಾಗುವಷ್ಟು ತಂದೆ. ಬಸ್ಸಿಳಿದಲ್ಲಿಂದ ಮನೆ ಮುಟ್ಟುವವರೆಗೆ ಸಿಕ್ಕವರಿಗೆಲ್ಲ, "ನಮ್ಮ ಕವನಾಗೆ ಗುಂಡು ಆರ್ಸಿ ತಂದೆ. ಮನೇಲಿ ಬೇರೆ ಯಾರಿಗೆ ಗೊತ್ತಾಗ್ತದೆ ಹೇಳಿ!" ಎಂದು ಸಾರಿದೆ. ಕವನಾ ಜಗಲಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಡಬ್ಬಿ ತೆಗೆದು ನೋಡಿ, ಮತ್ತೆ ಮುಚ್ಚಿಟ್ಟು, "ಚೆನ್ನಾಗಿದೆ ಅಜ್ಜಿ" ಎಂದು ನಕ್ಕಳು.

ಆಮೇಲೆ ಗೋಡೆಗೆ ಹೊಸ ಕಾಗದ ಬರಲಿಲ್ಲ. ನಾನು ಮೊದಮೊದಲು ಪರೀಕ್ಷೆ ಇರಬೇಕು ಅಂದುಕೊಂಡೆ. ಹುಡುಗಿ ಊಟಕ್ಕೆ ಕೂತರೆ ತಟ್ಟೆಯಲ್ಲಿ ಗೆರೆ ಎಳೆಯುತ್ತ ಕೂರುತ್ತಿದ್ದಳು. "ಯಾರ ಹತ್ರ ಜಗಳ ಆಡ್ಕೊಂಡು ಬಂದ್ಯೇ?" ಎಂದು ಗದರಿದೆ. ತಟ್ಟೆ ಎತ್ತಿಕೊಂಡು ಎದ್ದುಹೋದಳು. ಕೊನೆಗೆ ಒಂದು ಸಂಜೆ, "ನಂಗೆ ಈ ಶೂಟಿಂಗ್ ಬರಲ್ಲ ಅಜ್ಜಿ. ಶನಿವಾರ ಸಾರ್ ಟ್ರಯಲ್ ಮಾಡಿ, ಮರುದಿನ ಶಿವಮೊಗ್ಗದಲ್ಲಿರೋ ಪಂದ್ಯಕ್ಕೆ ತಂಡ ಆರಿಸ್ತಾರೆ. ನಾನು ಹೋಗಲ್ಲ, ಬಿಟ್ಬಿಡ್ತೀನಿ" ಎಂದಳು. ಕಣ್ಣು ಕೆಂಪಾಗಿತ್ತು.

ನನಗೆ ಕೆಂಡದಂಥ ಸಿಟ್ಟು ಬಂತು, ಕೋಚ್ ಮೇಲೆ. ಇಷ್ಟು ಚೆನ್ನಾಗಿ ಹೊಡೆಯುತ್ತಿದ್ದ ಮಗುವನ್ನು ಅವನೇ ಹಾಳು ಮಾಡಿದ್ದು, ಇನ್ಯಾರು? ಮರುದಿನ ಬೆಳಿಗ್ಗೆ ಅವಳು ಕ್ಲಾಸಿನಲ್ಲಿರುವ ಹೊತ್ತು ನೋಡಿಕೊಂಡು ಗೋದಾಮಿಗೆ ನುಗ್ಗಿದೆ. ದಾರಿಯುದ್ದಕ್ಕೂ ಕೂಡಿಸಿಕೊಂಡ ಬೈಗುಳಗಳನ್ನೆಲ್ಲ ಸುರಿದೆ. ಪೂರ್ಣೇಶ್ ಪಾಪ, ಮುಗಿಯುವವರೆಗೆ ಕಾದು, "ಕೂತ್ಕೊಳಿ ಅಮ್ಮ" ಎಂದು ಕವನಾ ಹೊಡೆದ ಎರಡು ಕಾಗದ ತಂದು ಮುಂದಿಟ್ಟ.

ಒಂದರಲ್ಲಿ ತೂತುಗಳು ಬಳೆಯ ಹಾಗೆ ದುಂಡಗೆ, ಕತ್ತರಿಸಿಟ್ಟಂತಿದ್ದವು. ಇನ್ನೊಂದರಲ್ಲಿ ಕಾಗದ ಸೀಳಿ ಹರಿದಿತ್ತು. ಎಲ್ಲಿ ತಾಗಿದೆ ಎಂದು ಹೇಳುವ ಹಾಗಿರಲಿಲ್ಲ.

"ಚಪ್ಪಟೆ ಮೂತಿಯದ್ದು ಕಾಗದಾನ ನೀಟಾಗಿ ಕತ್ತರಿಸ್ತದೆ. ಚೂಪಿಂದು ಹರಿದು ಹಾಕ್ತದೆ, ಹೊಡೆತಾನೂ ಚದುರ್ತದೆ. ಇದು ಮಂಗ ಓಡ್ಸೋ ಗುಂಡು ಅಮ್ಮ. ಬದಲಾಯಿಸು ಅಂತ ಎಷ್ಟು ಹೇಳಿದೆ, ನಾನೇ ಕೊಡ್ತೀನಿ ಅಂದೆ. ಇವು ಮುಗಿಯೋವರೆಗೆ ಇದೇ ಹೊಡಿತೀನಿ ಅಂತ ಹಟ. ಯಾಕೆ ಅಂತ ಕೇಳಿದ್ರೆ ಬಾಯಿ ಬಿಡಲ್ಲ" ಎಂದ.

ನಾನು ಬೆಂಚಿನ ಮೇಲೆ ಕೂತೇಬಿಟ್ಟೆ. ಬೈಯಲು ಯಾರೂ ಉಳಿದಿರಲಿಲ್ಲ.

ಕ್ಲಾಸು ಮುಗಿಸಿ ಬಂದ ಕವನಾ ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. ನನ್ನ ಕೈಯಲ್ಲಿದ್ದ ಹರಿದ ಕಾಗದ ನೋಡಿದವಳೇ, "ಸಾರ್, ಅಜ್ಜಿಗೆ ಯಾಕೆ ಹೇಳಿದ್ರಿ?" ಎಂದು ಅಳತೊಡಗಿದಳು.

"ನನ್ನ ಹತ್ರ ಎಂತಕ್ಕೆ ಹೇಳ್ಲಿಲ್ಲ ನೀನು? ಬೈತೀನಿ ಅಂತ ಹೆದರಿಕೆಯಾ?"

"ನಿನ್ನ ಬೈಗುಳಕ್ಕೆ ಯಾರು ಹೆದರ್ತಾರೆ ಅಜ್ಜಿ? ನಿಂಗೆ ಬೇಜಾರಾಗ್ತದೆ ಅಂತ. ಅವತ್ತು ಎಲ್ರ ಹತ್ರ ಎಷ್ಟು ಖುಷಿಯಲ್ಲಿ ಹೇಳ್ತಿದ್ದೆ."

ಮನೆಯವರೆಲ್ಲ ನನ್ನ ಸಿಟ್ಟು ನೋಡಿ ದೂರ ಸರಿದವರೇ. ನನಗೂ ಬೇಜಾರಾಗುತ್ತದೆ ಎಂದು ಲೆಕ್ಕಕ್ಕೆ ತೆಗೆದುಕೊಂಡದ್ದು ಈ ಮಗು ಒಂದೇ. ಅದಕ್ಕಾಗಿ ತನ್ನ ಆಸೆಯನ್ನೇ ಬಿಡಲು ಹೊರಟಿತ್ತಲ್ಲ, ದೇವರೇ! ಅವಳನ್ನು ಹತ್ತಿರ ಎಳೆದುಕೊಂಡು ನಾನೂ ಅತ್ತೆ. ಪೂರ್ಣೇಶ್ ಗೋಡೆ ಕಡೆ ತಿರುಗಿ ನಿಂತ.

ಆಮೇಲೆ ಅವನು ಬೀರುವಿನಿಂದ ಚಪ್ಪಟೆ ಮೂತಿಯ ಬೇರೆ ಬೇರೆ ಡಬ್ಬಿ ತೆಗೆದ. ಎಲ್ಲವೂ ಅಗ್ಗದವೇ. "ಒಂದೊಂದು ರೈಫಲ್‌ಗೆ ಒಂದೊಂದು ಹಿಡಿಸ್ತದೆ. ಹೊಡೆದೇ ನೋಡ್ಬೇಕು" ಎಂದ. ಕವನಾ ಕಣ್ಣೊರೆಸಿಕೊಂಡು, ಒಂದೊಂದು ಡಬ್ಬಿಗೂ ಒಂದೊಂದು ಹೊಸ ಕಾಗದ ಹಾಕಿ ಹೊಡೆದಳು. ತಂದು ನನ್ನ ಮಡಿಲಲ್ಲಿ ಹರಡಿ, "ಯಾವುದು ಅಜ್ಜಿ?" ಎಂದಳು.

"ನನ್ನನ್ನೇನು ಕೇಳ್ತೀಯ? ಕಾಗದಾನೇ ಹೇಳ್ತಿದೆಯಲ್ಲ" ಎಂದೆ. ಒಂದು ಕಾಗದದಲ್ಲಿ ತೂತುಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಡಬ್ಬಿಯ ಮೇಲೆ ಚಂದದ ಚಿತ್ರವೂ ಇಲ್ಲ, ದೊಡ್ಡ ಹೆಸರೂ ಇಲ್ಲ. ಅದನ್ನೇ ಕೊಂಡೆವು.

ಶನಿವಾರದ ಟ್ರಯಲ್‌ಗೆ ನಾನೂ ಹೋಗಿ ಗೋಡೆಗೊರಗಿ ನಿಂತೆ. ಗುರಿಯತ್ತ ನೋಡುವ ಧೈರ್ಯ ನನಗಿರಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದೆ. ಶುರುವಿನಲ್ಲಿ ತುಟಿ ಕಚ್ಚಿಕೊಂಡಿದ್ದಳು, ಬರಬರುತ್ತ ಹಗುರಾದಳು. ಪೂರ್ಣೇಶ್ ತಂಡಕ್ಕೆ ಆರಿಸಿದವರ ಹೆಸರು ಓದಿದ. ಎಲ್ಲರ ಹೆಸರಾದ ಮೇಲೆ ಕಟ್ಟಕಡೆಗೆ, "ಕವನಾ."

ಅವಳು ಓಡಿಬಂದು ನನ್ನ ಕೊರಳಿಗೆ ಜೋತುಬಿದ್ದಳು. ನಾನು ಬೆನ್ನಿಗೆ ಒಂದು ಗುದ್ದಿ, "ಕೇಳಿಲ್ಲಿ. ಇನ್ಮೇಲೆ ನನ್ನ ಬೇಜಾರನ್ನ ನೀನು ಹೊರಬೇಡ. ಎಂತ ಇದ್ರೂ ಮುಖಕ್ಕೆ ಹೇಳ್ಬೇಕು. ಆಯ್ತಾ?" ಎಂದೆ.

"ಮುಖಕ್ಕೇ ಹೇಳ್ಲಾ?"

"ಹೇಳು ಮಾರಾಯ್ತಿ."

ಅವಳು ನೆಲ ನೋಡಿದಳು. ಆಮೇಲೆ ನನ್ನ ಕಣ್ಣನ್ನೇ ನೋಡಿ, "ನಾಳೆ ಶಿವಮೊಗ್ಗಕ್ಕೆ ನೀನು ಬರ್ಬೇಡ ಅಜ್ಜಿ. ನೀನು ಹಿಂದೆ ನಿಂತ್ರೆ ನನ್ನ ಕೈ ನಡುಗ್ತದೆ" ಎಂದಳು.

ನಾನು ಆಗಲೇ ಮಗನಿಂದ ಬಸ್ಸಿನ ಹೊತ್ತು ಕೇಳಿಟ್ಟುಕೊಂಡಿದ್ದೆ. ಉಡುವ ಸೀರೆ ತೆಗೆದಿಟ್ಟಿದ್ದೆ. ಚುರುಕ್ ಅಂತು ಎದೆ, ಸುಳ್ಳು ಯಾಕೆ ಹೇಳಲಿ? ಅವಳು ನನ್ನ ಕೈ ಬಿಡದೆ ಹಿಡಿದುಕೊಂಡೇ ನಿಂತಿದ್ದಳು. ಈ ಸಲ ಅವಳ ಕಣ್ಣು ತಗ್ಗಲಿಲ್ಲ.

"ಸರಿ" ಎಂದೆ.

ಭಾನುವಾರ ನಾನು ಮನೆಯಲ್ಲೇ ಉಳಿದೆ.