ಇಪ್ಪತ್ತೊಂದು ದಿನ ನೆನೆಸಿದ ಬ್ರಷ್

ಅಪ್ಪ ಆ ಬ್ರಷ್ಷನ್ನು ಗುಬ್ಬಿ ಸಂತೆಯಲ್ಲಿ ಕೊಂಡು ತಂದಿದ್ದ. ಮೊದಲ ದಿನವೇ ಕೆನ್ನೆಗೆ ಒತ್ತಿಕೊಂಡು, "ಇದೇನು ಗಡ್ಡಕ್ಕೆ ಹಚ್ಚೋದಾ, ಪಾತ್ರೆ ಉಜ್ಜೋ ನಾರಾ?" ಎಂದು ಬೈದು ಬಚ್ಚಲುಮನೆಯ ಮೂಲೆಗೆ ಎಸೆದ. ಅವತ್ತಿನಿಂದ ನನ್ನ ತಮ್ಮ ಸಂತೋಷನ ಶೇವಿಂಗ್ ಫೋಮ್ ಡಬ್ಬಿಯೇ ಅವನಿಗೂ ಆಯಿತು.

ಎಸೆದದ್ದನ್ನು ಎತ್ತಿಕೊಂಡವಳು ನಾನು. ಹೇಮಶ್ರೀ, ವಯಸ್ಸು ಇಪ್ಪತ್ತೇಳು, ತುಮಕೂರಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ನನಗೆ ಗಡ್ಡ ಬರುತ್ತದೆ. ಒಂದೆರಡು ಕೂದಲಲ್ಲ, ಗದ್ದದ ತುಂಬಾ. ಡಾಕ್ಟರು ಹಾರ್ಮೋನ್ ಎಂದು ಮಾತ್ರೆ ಬರೆದುಕೊಟ್ಟರು. ಮಾತ್ರೆ ಅದರ ಪಾಡಿಗೆ, ಗಡ್ಡ ಅದರ ಪಾಡಿಗೆ. ದಾರದಲ್ಲಿ ಕೀಳಿಸಿದರೆ ಗುಳ್ಳೆ, ಕ್ರೀಮ್ ಹಚ್ಚಿದರೆ ಉರಿ. ಲ್ಯಾಬಿನಲ್ಲಾದರೆ ಮಾಸ್ಕ್ ಇರುತ್ತದೆ, ಬಸ್ಸಿನಲ್ಲಿ ಏನು ಮಾಡಲಿ? ಎರಡು ವರ್ಷದ ಹಿಂದೆ ರೇಜರ್ ಹಿಡಿದೆ.

ಮನೆಯಲ್ಲಿ ಅಮ್ಮನಿಗೆ ಮಾತ್ರ ಗೊತ್ತಿತ್ತು. ಅವಳು ಅದನ್ನು ಹೆಸರು ಹೇಳಿ ಕರೆಯುತ್ತಿರಲಿಲ್ಲ. "ಆ ಕೆಲಸ ಆಯ್ತೇನೇ? ಬೇಗ ಬಾ ಆಚೆಗೆ, ನಿಮ್ಮಪ್ಪ ಎದ್ದುಬಿಟ್ಟಾರು" ಎಂದು ಬಾಗಿಲ ಬಳಿ ಪಿಸುಗುಡುತ್ತಿದ್ದಳು. ಶುಕ್ರವಾರ ಬಂತೆಂದರೆ ಇನ್ನೂ ಜೋರು.

"ಮಂಗಳವಾರ ಶುಕ್ರವಾರ ಗಂಡಸ್ರೇ ಮುಖಕ್ಕೆ ಕತ್ತಿ ತಾಗಿಸಲ್ಲ. ನೀನು ಹೆಣ್ಣಾಗಿ..."

"ಆ ರೂಲ್ಸ್ ಮಾಡ್ದೋರಿಗೆ ಹೆಣ್ಣಿಗೂ ಗಡ್ಡ ಬರುತ್ತೆ ಅಂತಾನೇ ಗೊತ್ತಿರ್ಲಿಲ್ಲ ಬುಡಮ್ಮ."

"ಮೆಲ್ಲಗೆ ಮಾತಾಡೇ! ಕುಣಿಗಲ್ ಚಿಕ್ಕಮ್ಮನ ಕಿವಿಗೆ ಬಿದ್ರೆ ಊರೂರಿಗೆಲ್ಲಾ ಡಂಗುರ."

ಬರೀ ಸೋಪು ಸವರಿಕೊಂಡರೆ ಚರ್ಮ ಕೆಂಪಗೆ ಕೀಸಿದ ಹಾಗಾಗುತ್ತಿತ್ತು. ಫೋಮ್ ನನಗೆ ಉರಿ. ದಪ್ಪ ನೊರೆ ಕೂತರೆ ಬ್ಲೇಡು ಜಾರುತ್ತದೆ, ಅದಕ್ಕೆ ಬ್ರಷ್ ಬೇಕು. ಅಂಗಡಿಯಲ್ಲಿ ಕೇಳಿದರೆ "ಅಪ್ಪಂಗಾ, ತಮ್ಮಂಗಾ?" ಅನ್ನುತ್ತಾರೆ. ಹಾಗಾಗಿ ಮೂಲೆಗೆ ಬಿದ್ದಿದ್ದ ನಾರನ್ನೇ ಪಳಗಿಸಲು ಹೊರಟೆ.

ನಿಟ್ಟೂರಿನ ಹತ್ತಿರ ನಮ್ಮದು ಎರಡೆಕರೆ ತೆಂಗಿನ ತೋಟ. ನಮ್ಮ ಮನೆಯಲ್ಲಿ ಬಾಗಿಲು ಕಿರುಗುಟ್ಟಿದರೂ ಕೊಬ್ಬರಿ ಎಣ್ಣೆ, ಹಿಮ್ಮಡಿ ಒಡೆದರೂ ಕೊಬ್ಬರಿ ಎಣ್ಣೆ. ಬ್ರಷ್ಷಿಗೂ ಅದನ್ನೇ ಹಚ್ಚಿದೆ. ಕೂದಲು ಮೆತ್ತಗಾದದ್ದು ನಿಜ, ನೆನೆದ ಬೆಕ್ಕಿನ ಬಾಲದ ಹಾಗೆ ಜೋತುಬಿತ್ತು. ನೊರೆ ಮಾತ್ರ ಒಂದು ಗುಳ್ಳೆಯಷ್ಟೂ ಏಳಲಿಲ್ಲ. ಎಣ್ಣೆ ಬಿಡಲೆಂದು ಸೀಗೆಪುಡಿ ಹಾಕಿ ಉಜ್ಜಿದೆ, ಮತ್ತೆ ನಾರು. ಕುದಿಯುವ ನೀರಿಗೆ ಅದ್ದಿದೆ. ಬುಡದ ಅಂಟು ಸಡಿಲವಾಗಿ ಹತ್ತು ಹನ್ನೆರಡು ಕೂದಲು ಕಿತ್ತುಬಂದವು. ಕಂಡೀಷನರ್ ಹಚ್ಚಿದೆ, ಒಂದು ದಿನ ಬಗ್ಗಿದಂತೆ ಮಾಡಿ ಮರುದಿನ ಸೆಟೆದುಕೊಂಡಿತು.

ಕೊನೆಗೆ ಗೊತ್ತಾಯಿತು, ಅದಕ್ಕೆ ಬೇಕಾದದ್ದು ಮದ್ದಲ್ಲ, ದಿನಗಳು. ಬೆಳಿಗ್ಗೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸುವುದು, ಸೋಪಿನ ಮೇಲೆ ತಿರುವಿ ಅಂಗೈಯಲ್ಲಿ ಆಡಿಸುವುದು, ತೊಳೆದು ಕೊಡವಿ ಪೂರ್ತಿ ಒಣಗಿಸುವುದು. ನೆನೆದು ಒಣಗಿ, ನೆನೆದು ಒಣಗಿ ಕೂದಲ ತುದಿ ಸೀಳುತ್ತದೆ. ಆ ಸೀಳಿದ ತುದಿಯೇ ಮೆದು. ಒಂದು ಹಳೇ ಡೈರಿಯಲ್ಲಿ ಬರೆದಿಟ್ಟೆ. ಒಂಬತ್ತನೇ ದಿನ, "ಚುಚ್ಚುವುದು ಕಡಿಮೆ." ಹದಿನಾಲ್ಕು, "ನೊರೆ ಹಿಡಿಯುತ್ತಿದೆ." ಇಪ್ಪತ್ತೊಂದನೇ ದಿನ ಏನೂ ಬರೆಯಲಿಲ್ಲ. ಗದ್ದದ ತುಂಬ ನೊರೆ ಇಟ್ಟುಕೊಂಡು ಕನ್ನಡಿ ಮುಂದೆ ನಗುತ್ತಾ ನಿಂತಿದ್ದೆ. ಆ ಖುಷಿಯಲ್ಲಿ ಬ್ರಷ್ಷನ್ನು ಹಂಡೆಯ ಹಿಂದೆ ಬಚ್ಚಿಡುವುದು ಮರೆತು ಕಿಟಕಿಯಲ್ಲೇ ಬಿಟ್ಟುಬಂದೆ.

ಅವತ್ತು ಭಾನುವಾರ. ಸಂತೋಷನ ಫೋಮ್ ಮುಗಿದಿತ್ತು. ಜಗಲಿಯಲ್ಲಿ ಅಪ್ಪನ ಗೆಳೆಯ ಮಹಾಲಿಂಗಯ್ಯ ಕಾಫಿ ಕುಡಿಯುತ್ತಿದ್ದರು. ಅಪ್ಪ ಮುಖದ ತುಂಬ ನೊರೆ ಬಳಿದುಕೊಂಡು, ಬ್ರಷ್ ಹಿಡಿದು ಓಡಿಬಂದ.

"ಲೇ ಮಾಲಿಂಗ, ಮುಟ್ಟಿ ನೋಡ್ಲಾ ಇದ. ಬೆಣ್ಣೆ ಕಣ್ಲಾ, ಬೆಣ್ಣೆ!"

ಮಹಾಲಿಂಗಯ್ಯ ಕೆನ್ನೆಗೆ ಸವರಿಕೊಂಡು ಕಣ್ಣು ಮುಚ್ಚಿದರು. "ಅಯ್ಯಯ್ಯೋ, ನಮ್ಮನೇದು ಮುಳ್ಳು ಮುಳ್ಳು. ಏನ್ಲಾ ಹಾಕ್ದೆ ಇದಕ್ಕೆ?"

"ನಂಗೇನ್ ಗೊತ್ತು? ಭದ್ರೀ, ಯಾರೇ ಇದನ್ನ ಹದ ಮಾಡಿದ್ದು?"

ಬಾಗಿಲಲ್ಲಿದ್ದ ಅಮ್ಮ ಪಕ್ಕದಲ್ಲಿ ನಿಂತಿದ್ದ ನನ್ನ ಕಡೆ ಒಂದು ಸಲ ನೋಡಿದಳು. "ನಾನೇ. ಸುಮ್ನೆ ಬಿದ್ದಿತ್ತಲ್ಲಾಂತ ಒಂಚೂರು ಕೊಬ್ರಿ ಎಣ್ಣೆ ಹಚ್ಚಿಟ್ಟಿದ್ದೆ."

"ನೋಡ್ದಾ? ಕೊಬ್ರಿ ಎಣ್ಣೆಗೆ ಆಗ್ದೇ ಇರೋ ಕೆಲಸ ಯಾವ್ದೈತೆ!"

"ಇವತ್ತೇ ಹೋಗಿ ಹಚ್ತೀನಿ" ಅಂದರು ಮಹಾಲಿಂಗಯ್ಯ.

"ನಾನೇ" ಎಂದಷ್ಟಕ್ಕೆ ಅಮ್ಮ ನಿಲ್ಲಿಸಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆನೋ ಏನೋ. ಎರಡು ವರ್ಷ ಮುಚ್ಚಿಕೊಂಡಿದ್ದವಳಿಗೆ ಅದೇನು ದೊಡ್ಡದಲ್ಲ. ಆದರೆ ಎಣ್ಣೆಯಂತೆ! ನನ್ನ ಇಪ್ಪತ್ತೊಂದು ದಿನ ಕೊಬ್ಬರಿ ಎಣ್ಣೆಯ ಪಾಲಾಗುತ್ತಿತ್ತು.

"ಹಚ್ಬೇಡಿ ಮಾವ. ಎಣ್ಣೆ ಹಚ್ಚಿದ್ರೆ ನೊರೆನೇ ಬರಲ್ಲ. ನಾನು ಹಚ್ಚಿ ಕೆಡಿಸಿ ನೋಡಿದೀನಿ."

"ನೀನ್ಯಾಕವ್ವ ಹಚ್ಚಕ್ಕೋದೆ?"

"ಹೇಮಾ!" ಅಂದಳು ಅಮ್ಮ.

"ನನ್ ಗಡ್ಡಕ್ಕೆ. ನಂಗೆ ಗಡ್ಡ ಬರುತ್ತೆ ಮಾವ, ಎರಡು ವರ್ಷದಿಂದ ಬೋಳಿಸ್ಕೋತಿದೀನಿ. ಆ ಬ್ರಷ್ ಮೆತ್ತಗೆ ಮಾಡಿದ್ದು ನಾನು. ಇಪ್ಪತ್ತೊಂದು ದಿನ ಹಿಡೀತು."

ಮಹಾಲಿಂಗಯ್ಯ ಬ್ರಷ್ಷನ್ನು ಜಗಲಿಯ ಮೇಲೆ ಮೆಲ್ಲಗೆ ಇಟ್ಟರು, ಕೆನ್ನೆ ಒರೆಸಿಕೊಂಡರು, "ಬಿಸ್ಲಾಯ್ತು, ಬರ್ತೀನಿ ಕಣಪ್ಪ" ಎಂದು ಅರ್ಧ ಲೋಟ ಕಾಫಿ ಬಿಟ್ಟು ಎದ್ದರು. ಅಪ್ಪನ ಮುಖದ ಮೇಲೆ ನೊರೆ ಒಣಗುತ್ತಿತ್ತು. ಅವನು ಒಳಗೆ ಹೋದ.

"ಡಂಗುರ ನೀನೇ ಹೊಡ್ದಲ್ಲೇ!" ಅಂದಳು ಅಮ್ಮ.

"ಹೂಂ. ಚಿಕ್ಕಮ್ಮಂಗೆ ಕಷ್ಟ ತಪ್ತು."

ಅಪ್ಪ ಹಗಲೆಲ್ಲಾ ತೋಟದಲ್ಲೇ ಇದ್ದ. ಸಂಜೆ ಪೇಟೆಗೆ ಹೋಗಿಬಂದು ನನ್ನ ಮುಂದೆ ಒಂದು ಪೊಟ್ಟಣ ಇಟ್ಟ. ಹೊಸ ಬ್ರಷ್.

"ತಗೋ. ಇದು ನಿಂದು. ಆ ಹಳೇದು ನನ್ನ ಹತ್ರ ಇರ್ಲಿ."

ಅಂಗಡಿಯವನು ಯಾರಿಗೆ ಎಂದು ಕೇಳಿದ್ದರೆ ಅಪ್ಪ ಏನು ಹೇಳಿರಬಹುದು? ತೆಗೆದುಕೊಂಡುಬಿಡೋಣ ಅನ್ನಿಸಿತು. ಅಂಗೈಗೆ ಒತ್ತಿ ನೋಡಿದೆ. ಚುಚ್ಚಿತು.

"ಇಲ್ಲಪ್ಪ. ಇದು ನಿಂದು. ಅದು ನಂದು."

"ಲೇ, ಅದನ್ನ ದುಡ್ಡು ಕೊಟ್ಟು ತಂದೋನು ನಾನು ಕಣೇ!"

"ನಾರು ಅಂತ ಎಸ್ದೋನೂ ನೀನೇ."

ಅಪ್ಪ ನನ್ನ ಗದ್ದವನ್ನೇ ನೋಡಿದ. ನಾನು ಅದನ್ನು ಮುಚ್ಚಲು ವೇಲು ಎಳೆದುಕೊಳ್ಳಲಿಲ್ಲ. ಅವನೇ ಪೊಟ್ಟಣ ಎತ್ತಿಕೊಂಡು ಹೋದ.

ಮರುದಿನ ಬೆಳಿಗ್ಗೆ ನನ್ನ ಬ್ರಷ್ ಕಿಟಕಿಯಲ್ಲೇ ಇತ್ತು. ಅಪ್ಪ ಬಚ್ಚಲುಮನೆಯ ಬಾಗಿಲಲ್ಲಿ ಸ್ಟೀಲ್ ಲೋಟ ಹಿಡಿದು ನಿಂತಿದ್ದ. ಅದರೊಳಗೆ ಹೊಸ ಬ್ರಷ್ ತಲೆಕೆಳಗಾಗಿ ಮುಳುಗಿತ್ತು.

"ನೀರು ಇಷ್ಟು ಬಿಸಿ ಸಾಕಾ?"

ಬೆರಳು ಅದ್ದಿ ನೋಡಿದೆ. "ಸಾಕು."

"ಎಷ್ಟು ದಿನ ಅಂದೆ?"

"ಇಪ್ಪತ್ತೊಂದು."

"ಮಂಗಳವಾರ, ಶುಕ್ರವಾರ ಬಿಟ್ಟು ತಾನೆ?"

"ನಾನು ಬಿಟ್ಟಿಲ್ಲ" ಎಂದು ನನ್ನ ಬ್ರಷ್ ತೆಗೆದುಕೊಂಡು, ಬಾಗಿಲು ತೆರೆದಿಟ್ಟೇ ಕನ್ನಡಿಯ ಮುಂದೆ ನಿಂತೆ.